ಸಿಕ್ಲಿಡ್ ತರುವ ಮುಂಚೆ ನಿಮ್ಮ ಮನೆಯ ನೀರು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಕ್ಲಿಡ್ ಮೀನುಗಳ ಬಗ್ಗೆಯೇ ಇವೆ. ಏಂಜಲ್, ಆಸ್ಕರ್, ಡಿಸ್ಕಸ್, ಫ್ಲವರ್‌ಹಾರ್ನ್, ಅಂಗಡಿಗಳಲ್ಲಿ ಆಫ್ರಿಕನ್ ಅಂತ ಮಾರುವ ಹಳದಿ ನೀಲಿ ಮೀನುಗಳು, ಅಷ್ಟೇ ಯಾಕೆ, ನಮ್ಮ ಕೆರೆಗಳಲ್ಲಿ ಬಲೆಗೆ ಬೀಳುವ ಜಿಲೇಬಿ ಕೂಡ ಇದೇ ಕುಟುಂಬದ್ದು. ಕುಟುಂಬ ಒಂದೇ, ಆದರೆ ಒಬ್ಬರಿಗೆ ಹಿಡಿಸುವ ನೀರು ಇನ್ನೊಬ್ಬರಿಗೆ ಆಗುವುದಿಲ್ಲ. ಪತ್ರಗಳಲ್ಲಿರುವ ಮುಕ್ಕಾಲು ತೊಂದರೆ ಇಲ್ಲಿಂದಲೇ ಶುರುವಾಗಿದೆ. ಹಾಗಾಗಿ ನೀರಿನ ಪ್ರಶ್ನೆಯನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ನಲ್ಲಿ, ಬಕೆಟ್, ಬಚ್ಚಲಿನ ಟೈಲ್ಸ್ ಎಲ್ಲದರ ಮೇಲೂ ಬಿಳಿ ಪೊರೆ ಕಟ್ಟುತ್ತದೆ. ಮಗಳಿಗೆ ಡಿಸ್ಕಸ್ ಸಾಕುವ ಆಸೆ. ಏನೋ ಪುಡಿ ಹಾಕಿದರೆ ನೀರು ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳಿದರು. ಎಲ್ಲಿಂದ ಶುರು ಮಾಡಲಿ ಸರ್? — ಓದುಗರು, ತುಮಕೂರು

ಉತ್ತರ: ಪುಡಿ ತರಬೇಡಿ. ಡಿಸ್ಕಸ್ ಅಮೆಜಾನ್ ಬಯಲಿನ ಮೀನು. ಅದರ ಊರಿನ ನೀರಲ್ಲಿ ಸುಣ್ಣದ ಅಂಶ ಇಲ್ಲ ಅನ್ನುವಷ್ಟು ಕಡಿಮೆ, ಸ್ವಲ್ಪ ಹುಳಿ ಗುಣ ಬೇರೆ. ತೊಟ್ಟಿಯಲ್ಲೂ ಅದಕ್ಕೆ 28ರಿಂದ 30 ಡಿಗ್ರಿ ಬಿಸಿ ಬೇಕು. ನಿಮ್ಮದು ಸುಣ್ಣ ತುಂಬಿದ ಗಡಸು ನೀರು. ಪುಡಿ ಹಾಕಿದಾಗ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ (7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ), ಇಳಿಯುತ್ತದೆ, ನೀರಲ್ಲಿ ಕರಗಿರುವ ಸುಣ್ಣ ಒಂದೆರಡು ದಿನದಲ್ಲೇ ಅದನ್ನು ಮತ್ತೆ ಮೇಲಕ್ಕೆ ತರುತ್ತದೆ, ನೀವು ಮತ್ತೆ ಪುಡಿ ಹಾಕುತ್ತೀರಿ. ಈ ಏರಿಳಿತವೇ ಮೀನಿನ ಜೀವ ತೆಗೆಯುವುದು. ಆರ್‌ಓ ನೀರು ಬೆರೆಸಿ ಡಿಸ್ಕಸ್ ಚೆನ್ನಾಗಿ ಸಾಕುವವರಿದ್ದಾರೆ, ಆದರೆ ಅದಕ್ಕೆ ವಾರಕ್ಕೆ ಎರಡು ಮೂರು ಸಲ ನೀರು ಬದಲಿಸಬೇಕು, ಪ್ರತಿ ಸಲ ಹತ್ತಾರು ಲೀಟರ್ ಆರ್‌ಓ ನೀರು ಹೊಂದಿಸಬೇಕು, ಅದರ ಹಿಂದೆ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ನೀರು ಚರಂಡಿಗೂ ಹೋಗುತ್ತದೆ. ಮೊದಲ ತೊಟ್ಟಿಗೆ ಇದು ಬೇಡ.

ನಿಮ್ಮ ನೀರು ಕೆಟ್ಟದ್ದು ಅಂತ ಮಾತ್ರ ತಿಳಿಯಬೇಡಿ. ಆಫ್ರಿಕಾದ ಮಲಾವಿ ಸರೋವರದ ಮೀನುಗಳಿಗೆ ಬೇಕಿರುವುದು ಇಂಥದೇ ನೀರು. ಅಲ್ಲಿ ಪಿಎಚ್ ಸುಮಾರು 7.8ರಿಂದ 8.6ರವರೆಗೆ ಇರುತ್ತದೆ, ಉಷ್ಣತೆ 24ರಿಂದ 28 ಡಿಗ್ರಿ. ಆ ಒಂದು ಸರೋವರದಲ್ಲೇ ನೂರಾರು ಜಾತಿಯ ಸಿಕ್ಲಿಡ್‌ಗಳಿವೆ, ಅವುಗಳಲ್ಲಿ ಬಂಡೆಗಳ ಸಂದಿಯಲ್ಲಿ ಬದುಕುವ ಎಂಬುನಾ ಗುಂಪಿನವೇ ನಮ್ಮ ಅಂಗಡಿಗಳಿಗೆ ಜಾಸ್ತಿ ಬರುವುದು. ಬಣ್ಣ ಬೇಕು ಅಂತ ನಿಮ್ಮ ಮಗಳು ಕೇಳುತ್ತಿದ್ದರೆ ಎಲೆಕ್ಟ್ರಿಕ್ ಯೆಲ್ಲೋ ತೋರಿಸಿ. ನಿಂಬೆಹಳದಿ ಮೈ, ಬೆನ್ನಿನ ರೆಕ್ಕೆಯ ಉದ್ದಕ್ಕೂ ಕಪ್ಪು ಗೆರೆ. ಎಂಬುನಾಗಳಲ್ಲಿ ಜಗಳ ಕಡಿಮೆ ಇರುವ ಮೀನು ಇದೇ, ಬೆಳೆದರೂ 10 ಸೆಂಟಿಮೀಟರ್ ಸುತ್ತಮುತ್ತ ನಿಲ್ಲುತ್ತದೆ.

ಮೊದಲು ಒಂದು ಬಕೆಟ್ ನೀರು ಹಿಡಿದು 24 ಗಂಟೆ ಇಟ್ಟು ಆಮೇಲೆ ಪಿಎಚ್ ಅಳೆಯಿರಿ. ಬೋರ್‌ವೆಲ್‌ನಿಂದ ಆಗಷ್ಟೇ ಬಂದ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುತ್ತದೆ, ಆಗ ಅಳೆದರೆ ಪಿಎಚ್ ಕಡಿಮೆ ತೋರಿಸುತ್ತದೆ. ಅದು ಗಾಳಿಗೆ ಹೋದ ಮೇಲೆ ಬರುವ ಅಂಕಿಯೇ ನಿಮ್ಮ ತೊಟ್ಟಿಯ ಅಂಕಿ. ಅಪಾರ್ಟ್‌ಮೆಂಟಿನಲ್ಲಿರುವವರು ಇನ್ನೊಂದು ವಿಷಯ ಗಮನಿಸಬೇಕು. ನೀರು ಸಾಫ್ಟನರ್ ಮೂಲಕ ಬರುತ್ತಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ ಹೋಗಿ ಸೋಡಿಯಂ ಸೇರಿಕೊಂಡಿರುತ್ತದೆ. ಅದು ಡಿಸ್ಕಸ್‌ಗೂ ಒಳ್ಳೆಯದಲ್ಲ, ಮಲಾವಿ ಮೀನಿಗೂ ಒಳ್ಳೆಯದಲ್ಲ. ಸಾಫ್ಟನರ್‌ಗೆ ಹೋಗುವ ಮುಂಚಿನ ನಲ್ಲಿಯಿಂದ ನೀರು ಹಿಡಿಯಲು ಸಾಧ್ಯವಾ ಅಂತ ಕೇಳಿ.

ತೊಟ್ಟಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ಮಾಡಿಸಿ. ಹಿಡಿಯುವುದು ಸುಮಾರು 250 ಲೀಟರ್. 10 ಮಿಲಿಮೀಟರ್ ಗಾಜು ಹಾಕಿಸಿ. ನೀರು, ಗಾಜು, ಕಲ್ಲು, ಮರಳು ಎಲ್ಲ ಸೇರಿ ಸುಮಾರು 350 ಕೆಜಿ ಆಗುತ್ತದೆ, ಹಾಗಾಗಿ ಟಿವಿ ಸ್ಟ್ಯಾಂಡ್ ಮೇಲೆಲ್ಲ ಇಡಬೇಡಿ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮೊಕೋಲ್ ಹಾಳೆ ಹಾಸಿ ತೊಟ್ಟಿ ಕೂರಿಸಿ.

ಇನ್ನು ಕಲ್ಲು. ಈ ವಿಷಯದಲ್ಲಿ ನಮ್ಮ ರಾಜ್ಯದವರು ಪುಣ್ಯವಂತರು. ಮನೆಗೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಕಲ್ಲಿನ ಅಂಗಡಿಯಲ್ಲಿ ಒಡೆದ ಚೂರುಗಳು ಬಿದ್ದಿರುತ್ತವೆ, ಕೇಳಿದರೆ ಕಮ್ಮಿ ದುಡ್ಡಿಗೆ ಕೊಡುತ್ತಾರೆ. ಅವನ್ನು ಚೆನ್ನಾಗಿ ತಿಕ್ಕಿ ತೊಳೆದು ಒಂದರ ಮೇಲೊಂದು ಪೇರಿಸಿದರೆ ಮಲಾವಿ ಮೀನಿಗೆ ಬೇಕಾದ ಸಂದಿಗೊಂದಿಗಳೆಲ್ಲ ತಯಾರು, ನೀರಿನ ಗಡಸುತನವೂ ಇಳಿಯದಂತೆ ನೋಡಿಕೊಳ್ಳುತ್ತದೆ. ಕಲ್ಲಿನಲ್ಲಿ ಸುಣ್ಣ ಇದೆಯಾ ಅಂತ ತಿಳಿಯಲು ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ, ಇದ್ದರೆ ಸಣ್ಣಗೆ ನೊರೆ ಏಳುತ್ತದೆ. ಏಂಜಲ್, ಡಿಸ್ಕಸ್ ಸಾಕುವವರು ಇದೇ ಪರೀಕ್ಷೆ ಮಾಡಿ ನೊರೆ ಎದ್ದ ಕಲ್ಲನ್ನು ದೂರ ಇಡಬೇಕು, ಅವರಿಗೆ ಗ್ರಾನೈಟ್ ಸರಿ.

ಪೇರಿಸುವಾಗ ಮೊದಲು ಕಲ್ಲು, ಆಮೇಲೆ ಮರಳು. ಸಿಕ್ಲಿಡ್‌ಗಳಿಗೆ ಅಗೆಯುವ ಚಟ. ಮರಳಿನ ಮೇಲೆ ಕಲ್ಲಿಟ್ಟರೆ ಕೆಳಗಿಂದ ತೋಡಿ ತೋಡಿ ಒಂದು ದಿನ ಗುಡ್ಡೆಯನ್ನೇ ಬೀಳಿಸುತ್ತವೆ, ಗಾಜು ಒಡೆದರೆ 250 ಲೀಟರ್ ನೀರು ನಡುಮನೆಯಲ್ಲಿ. ಹೊಳೆಯ ಮರಳೇ ಇರಲಿ. ಎಂ-ಸ್ಯಾಂಡ್ ಅಂಚು ಚೂಪು, ಬಾಯಲ್ಲಿ ಮರಳು ತುಂಬಿಕೊಂಡು ಸೋಸಿ ಉಗುಳುವ ಮೀನಿಗೆ ಅದು ಹಿಂಸೆ.

ಪ್ರಶ್ನೆ: ಹೊಸ ತೊಟ್ಟಿ ತಂದು ನೀರು ತುಂಬಿಸಿ ಮಾರನೇ ದಿನ 8 ಮೀನು ಬಿಟ್ಟೆವು. ವಾರದೊಳಗೆ 6 ಸತ್ತವು. ನೀರು ಸ್ಫಟಿಕದ ಹಾಗಿದೆ, ಫಿಲ್ಟರ್ ಓಡುತ್ತಿದೆ, ಕ್ಲೋರಿನ್ ತೆಗೆಯುವ ಔಷಧಿಯೂ ಹಾಕಿದ್ದೆವು. ಮಕ್ಕಳು ಅಳುತ್ತಿದ್ದಾರೆ. ಏನು ತಪ್ಪಾಯಿತು? — ಓದುಗರು, ಬೆಂಗಳೂರು

ಉತ್ತರ: ನೀರು ತಿಳಿಯಾಗಿದ್ದರೆ ಸಾಲದು. ಮೀನಿನ ಹಿಕ್ಕೆ, ಉಸಿರು, ತಿನ್ನದೆ ಉಳಿದ ಕಾಳು, ಎಲ್ಲದರಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ವಿಷ, ಕಣ್ಣಿಗೆ ಕಾಣುವುದಿಲ್ಲ. ಹಳೆಯ ತೊಟ್ಟಿಯ ಫಿಲ್ಟರ್‌ನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಕೂತಿರುತ್ತವೆ. ಅವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ, ಇದು ಎಷ್ಟೋ ವಾಸಿ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಹಿಡಿಯುತ್ತದೆ. ನಿಮ್ಮ ತೊಟ್ಟಿಗೆ ಒಂದೇ ದಿನ ಸಿಕ್ಕಿತು.

ನಿಮ್ಮ ಮೀನು ಸಾಯುವ ಮುಂಚೆ ಹೇಗಿದ್ದವು ಅಂತ ಪತ್ರದಲ್ಲೇ ಬರೆದಿದ್ದೀರಿ. ಮೇಲೆ ಬಂದು ನೀರಿನ ಅಂಚಿನಲ್ಲಿ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು, ಕಿವಿರು ಕೆಂಪಾಗಿತ್ತು. ಅಮೋನಿಯಾ ಹೊಡೆದ ಮೀನು ಹಾಗೇ ಇರುವುದು. ಗಡಸು ನೀರಿನವರು ಇದರಲ್ಲಿ ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು. ಪಿಎಚ್ 7 ಇದ್ದಾಗ ಇರುವುದಕ್ಕಿಂತ 8 ಇದ್ದಾಗ ಅಷ್ಟೇ ಅಮೋನಿಯಾದಲ್ಲಿ ವಿಷದ ಪಾಲು ಸುಮಾರು 10 ಪಟ್ಟು ಆಗುತ್ತದೆ. ಮಲಾವಿ ತೊಟ್ಟಿಯಲ್ಲಿ ಸ್ವಲ್ಪ ಅಮೋನಿಯಾ ಇದ್ದರೆ ಪರವಾಗಿಲ್ಲ ಅನ್ನುವ ಮಾತೇ ಇಲ್ಲ.

ಈಗ ಉಳಿದ ಎರಡಕ್ಕೆ ದಿನಾ ಕಾಲು ಭಾಗ ನೀರು ಬದಲಿಸಿ, ಹೊಸ ನೀರಿನ ಕ್ಲೋರಿನ್ ತೆಗೆದೇ ಹಾಕಿ, ಊಟ ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಸಾಕು. ಹೊಸ ಮೀನು ಸದ್ಯಕ್ಕೆ ಬೇಡ. ಗೊತ್ತಿರುವವರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ತೊಟ್ಟಿ ಇದ್ದರೆ ಅವರ ಫಿಲ್ಟರ್‌ನ ಒಂದು ತುಂಡು ಕೊಳಕು ಸ್ಪಾಂಜ್ ಕೇಳಿ ತನ್ನಿ, ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರ್‌ಗೆ ಸೇರಿಸಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಆಗುತ್ತದೆ. ಮೀನಿಲ್ಲದೆ ಶುರು ಮಾಡುವವರು ದಿನಾ ಒಂದು ಚಿಟಿಕೆ ಮೀನಿನ ಕಾಳು ಹಾಕಿ ಕೊಳೆಯಲು ಬಿಡಿ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತನ್ನಿ. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ, ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿದ ಮೇಲೆ ಅರ್ಧದಷ್ಟು ನೀರು ಬದಲಿಸಿ ಮೊದಲ ಮೂರು ನಾಲ್ಕು ಮೀನು ತನ್ನಿ.

ಫಿಲ್ಟರ್ ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆಯುವವರು ಬಹಳ ಜನ. ಕ್ಲೋರಿನ್ ಇರುವ ಕಾವೇರಿ ನೀರಲ್ಲಿ ಹಾಗೆ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತವೆ, ತೊಟ್ಟಿ ಮತ್ತೆ ಮೊದಲ ದಿನಕ್ಕೆ ಹೋಗುತ್ತದೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಿದರೆ ಸಾಕು.

ಪ್ರಶ್ನೆ: ಅಂಗಡಿಯಲ್ಲಿ ಮಿಕ್ಸ್ ಆಫ್ರಿಕನ್ ಅಂತ 10 ಮೀನು ತಂದೆ. ಅದರಲ್ಲಿ ಹಳದಿ ಮೈ ಮೇಲೆ ಕಪ್ಪು ಪಟ್ಟೆ ಇದ್ದ ಒಂದು ಮೀನು ಈಗ ಪೂರ್ತಿ ಕಪ್ಪಾಗಿದೆ. ಅದು ಉಳಿದವನ್ನೆಲ್ಲ ಅಟ್ಟಾಡಿಸಿಕೊಂಡು ಕಚ್ಚುತ್ತಿದೆ. ಕಾಯಿಲೆಯಾ? — ಓದುಗರು, ಹುಬ್ಬಳ್ಳಿ

ಉತ್ತರ: ಕಾಯಿಲೆ ಅಲ್ಲ. ನೀವು ವರ್ಣಿಸಿದ್ದು ನೋಡಿದರೆ ಅದು ಆರೇಟಸ್, ಗಂಡು. ಮರಿಯಾಗಿದ್ದಾಗ ಎಲ್ಲವೂ ಹಳದಿ, ದೊಡ್ಡದಾದ ಗಂಡು ಗುಂಪಿನ ಯಜಮಾನ ಆದಾಗ ಬಣ್ಣ ತಿರುವುಮುರುವಾಗುತ್ತದೆ, ಕಡುಕಪ್ಪು ಮೈ ಮೇಲೆ ತೆಳು ಗೆರೆ ಉಳಿಯುತ್ತದೆ. ಎಂಬುನಾಗಳಲ್ಲಿ ಮಹಾ ಜಗಳಗಂಟ ಇದು. ಮೊದಲ ಸಲ ಸಾಕುವವರ ತೊಟ್ಟಿಗೆ ಬರಲೇಬಾರದು. ಅಂಗಡಿಗೆ ವಾಪಸ್ ಕೊಡಿ, ಬದಲಿಗೆ ಬೇರೆ ಕೇಳಿ.

ಅದು ಹೋದ ಮೇಲೂ ಜಗಳ ಪೂರ್ತಿ ನಿಲ್ಲುವುದಿಲ್ಲ, ಕಡಿಮೆ ಮಾಡಬಹುದು ಅಷ್ಟೇ. ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಲಿ. ಎಂಬುನಾ ತೊಟ್ಟಿಯಲ್ಲಿ ಮೀನು ತೀರಾ ಕಡಿಮೆ ಇದ್ದರೂ ಕಷ್ಟ, ಎರಡು ಮೂರೇ ಇದ್ದರೆ ಬಲವಾದದ್ದು ಒಂದನ್ನೇ ಹಿಡಿದು ಸಾಯಿಸುತ್ತದೆ, 4 ಅಡಿ ತೊಟ್ಟಿಯಲ್ಲಿ 15 ಇದ್ದರೆ ಸಿಟ್ಟು ಹಂಚಿಹೋಗುತ್ತದೆ. ಆದರೆ ಜಾಸ್ತಿ ಮೀನು ಅಂದರೆ ಜಾಸ್ತಿ ಕೊಳಕು, ಗಂಟೆಗೆ ತೊಟ್ಟಿಯ ನೀರನ್ನು 6ರಿಂದ 8 ಸಲ ಸುತ್ತಿಸುವ ಫಿಲ್ಟರ್ ಇದ್ದರೆ ಮಾತ್ರ ಈ ಲೆಕ್ಕ. ಹೊಸ ಮೀನು ಬಿಡುವ ದಿನ ಕಲ್ಲುಗಳ ಜಾಗ ಬದಲಿಸಿ. ಹಳಬರ ಗಡಿಗಳೆಲ್ಲ ಅಳಿಸಿಹೋಗಿ ಹೊಸಬರಿಗೂ ಒಂದು ಮೂಲೆ ಸಿಗುತ್ತದೆ. ಎಲೆಕ್ಟ್ರಿಕ್ ಯೆಲ್ಲೋ ಮತ್ತು ರೆಡ್ ಝೀಬ್ರಾ ಎರಡನ್ನೂ ಒಟ್ಟಿಗೆ ಇಡಬೇಡಿ, ಅವು ಕೂಡಿ ಮಿಶ್ರ ಮರಿ ಹಾಕುತ್ತವೆ.

ಊಟದ ಬಗ್ಗೆಯೂ ಹೇಳಿಬಿಡುತ್ತೇನೆ. ಎಂಬುನಾಗಳಲ್ಲಿ ಹೆಚ್ಚಿನವು ಬಂಡೆಯ ಪಾಚಿ ಕೆರೆದು ತಿನ್ನುವ ಮೀನು, ಕರುಳು ಉದ್ದ. ರಕ್ತಹುಳು, ಮಾಂಸ ಹಾಕಿದರೆ ಹೊಟ್ಟೆ ಉಬ್ಬಿ ಸಾಯುವ ಅಪಾಯ ಜಾಸ್ತಿ. ಸ್ಪಿರುಲಿನಾ ಇರುವ ಕಾಳು, ನಡುನಡುವೆ ಬೇಯಿಸಿದ ಪಾಲಕ್ ಎಲೆ ಅಥವಾ ಸಿಪ್ಪೆ ತೆಗೆದ ಬಟಾಣಿ ಸಾಕು.

ಪ್ರಶ್ನೆ: 2 ಅಡಿ ತೊಟ್ಟಿಯಲ್ಲಿ ಎರಡು ಆಸ್ಕರ್ ಇವೆ. ಸಣ್ಣ ಗೋಲ್ಡ್ ಫಿಶ್ ತಂದು ಹಾಕುತ್ತೇವೆ, ಬೇಟೆ ಆಡಿ ತಿನ್ನುತ್ತವೆ. ಸರಿಯಾ? — ಓದುಗರು, ಮೈಸೂರು

ಉತ್ತರ: ಎರಡೂ ಸರಿಯಲ್ಲ. ಆಸ್ಕರ್ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಅಂದರೆ ಒಂದು ಅಡಿ ಉದ್ದದ ಮೀನು ಒಂದು ಅಡಿ ಅಗಲದ ತೊಟ್ಟಿಯಲ್ಲಿ ತಿರುಗಲೂ ಆಗುವುದಿಲ್ಲ. ನಿಮ್ಮ ತೊಟ್ಟಿಯಲ್ಲಿರುವುದು 60 ಲೀಟರಿಗೂ ಕಡಿಮೆ ನೀರು. ಒಂದು ಆಸ್ಕರ್‌ಗೇ 250 ಲೀಟರ್ ಬೇಕು, ಎರಡಕ್ಕೆ ಇನ್ನೂ ಜಾಸ್ತಿ. ಗೋಲ್ಡ್ ಫಿಶ್ ಜೊತೆ ರೋಗಗಳು ಬರುತ್ತವೆ, ಅದರಲ್ಲಿರುವ ಥಯಾಮಿನೇಸ್ ಎಂಬ ಅಂಶ ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ. ದೊಡ್ಡ ಕಾಳಿನ ಆಹಾರ ಅಭ್ಯಾಸ ಮಾಡಿಸಿ, ವಾರಕ್ಕೊಮ್ಮೆ ಸಿಪ್ಪೆ ಸುಲಿದ ಸಿಗಡಿ ಕೊಡಿ.

ಪ್ರಶ್ನೆ: ನನಗೆ ಬೇರೆ ಊರಿಗೆ ವರ್ಗ ಆಗಿದೆ. ಫ್ಲವರ್‌ಹಾರ್ನ್ ಒಂದಿದೆ, ಯಾರೂ ತೆಗೆದುಕೊಳ್ಳುತ್ತಿಲ್ಲ. ಊರ ಕೆರೆಗೆ ಬಿಡಬಹುದಾ? — ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬಿಡಬೇಡಿ. ಫ್ಲವರ್‌ಹಾರ್ನ್‌ಗೆ ಪ್ರಪಂಚದಲ್ಲಿ ಎಲ್ಲೂ ಸ್ವಂತ ನದಿ ಇಲ್ಲ, 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮಧ್ಯ ಅಮೆರಿಕದ ಸಿಕ್ಲಿಡ್‌ಗಳನ್ನು ಬೆರೆಸಿ ಮನುಷ್ಯರೇ ಮಾಡಿದ ಮೀನು ಅದು. ಕೆರೆಗೆ ಬಿದ್ದರೆ ಅಲ್ಲಿರುವ ಸಣ್ಣ ಮೀನು, ಮೊಟ್ಟೆ, ಮರಿ ಎಲ್ಲ ತಿನ್ನುತ್ತದೆ. ಜಿಲೇಬಿ ನೋಡಿದ್ದೀರಲ್ವಾ? ಆಫ್ರಿಕಾದ ಈ ಮೀನನ್ನು ನಮ್ಮ ದೇಶಕ್ಕೆ ತಂದದ್ದು 1952ರಲ್ಲಿ. ಇವತ್ತು ಎಷ್ಟೋ ಕೆರೆಗಳಲ್ಲಿ ಗಾಳ ಹಾಕಿದರೆ ಅದೇ ಬರುತ್ತದೆ, ಹಳೆಯ ನಾಟಿ ಮೀನುಗಳು ಮೂಲೆ ಸೇರಿವೆ.

ದುಡ್ಡು ಬೇಡ ಅಂದರೆ ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಜೊತೆಗೇ ಕರೆದುಕೊಂಡು ಹೋಗಿ. ಹೊರಡುವ ಮುಂಚೆ ಎರಡು ದಿನ ಊಟ ನಿಲ್ಲಿಸಿ. ದಪ್ಪ ಪ್ಲಾಸ್ಟಿಕ್ ಚೀಲ ಎರಡು ಪದರ, ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ, ಅಂಗಡಿಯಲ್ಲಿ ಆಕ್ಸಿಜನ್ ತುಂಬಿಸಿದರೆ ಇನ್ನೂ ಒಳ್ಳೆಯದು. ಥರ್ಮೊಕೋಲ್ ಡಬ್ಬದಲ್ಲಿಟ್ಟು ಮುಚ್ಚಿದರೆ ರಾತ್ರಿ ಬಸ್ ಪ್ರಯಾಣ ತಡೆದುಕೊಳ್ಳುತ್ತದೆ. ಹಳೆಯ ಫಿಲ್ಟರ್ ಸ್ಪಾಂಜ್ ಒದ್ದೆಯಾಗಿಯೇ ಜೊತೆಗೆ ಬರಲಿ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಕರೆಂಟ್ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಸಿಕ್ಲಿಡ್ ಸಾಕಬಹುದಾ? — ಓದುಗರು, ರಾಯಚೂರು

ಉತ್ತರ: ಸಾಕಬಹುದು, ಎರಡು ಏರ್ಪಾಟು ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ. ತೊಟ್ಟಿಯ ಮುಚ್ಚಳ ತೆಗೆದು ಜಾಲರಿ ಹಾಕಿ, ಸಣ್ಣ ಫ್ಯಾನ್ ಗಾಳಿ ನೀರಿನ ಮೇಲ್ಮೈಗೆ ಬೀಸುವಂತೆ ಇಡಿ, ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಆವಿಯಾಗಿ ಇಳಿದದ್ದನ್ನು ದಿನಾ ತುಂಬಿಸಿ. ಉರಿ ಬಿಸಿಲಿನ ದಿನ ಊಟ ಅರ್ಧ ಮಾಡಿ.

ಕರೆಂಟಿಗೆ ಮನೆಯ ಇನ್ವರ್ಟರ್ ಸಾಕು. ಸ್ಪಾಂಜ್ ಫಿಲ್ಟರ್ ನಡೆಸುವ ಸಣ್ಣ ಏರ್ ಪಂಪ್ ತಿನ್ನುವುದು ಕೆಲವೇ ವಾಟ್, ರಾತ್ರಿಯೆಲ್ಲ ಓಡಿದರೂ ಬ್ಯಾಟರಿಗೆ ಭಾರ ಆಗುವುದಿಲ್ಲ. ಹೀಟರ್ ಮಾತ್ರ ಇನ್ವರ್ಟರ್‌ಗೆ ಕೊಡಬೇಡಿ. ಹೊರಗಿಡುವ ಕ್ಯಾನಿಸ್ಟರ್ ಫಿಲ್ಟರ್ ಇದ್ದು ಅದು ಬಹಳ ಹೊತ್ತು ನಿಂತಿದ್ದರೆ, ಕರೆಂಟ್ ಬಂದ ಕೂಡಲೇ ಓಡಿಸಬೇಡಿ. ಒಳಗಿನ ನೀರಿನಲ್ಲಿ ಆಕ್ಸಿಜನ್ ಮುಗಿದು ಕೊಳೆತಿರುತ್ತದೆ. ಆ ನೀರು ಚೆಲ್ಲಿ ಆಮೇಲೆ ಶುರು ಮಾಡಿ.

ಪ್ರಶ್ನೆ: ನಮ್ಮ ನಾಡಿನದೇ ಸಿಕ್ಲಿಡ್ ಇದೆ ಅಂತ ಕೇಳಿದೆ. ನೇತ್ರಾವತಿಯಿಂದ ಹಿಡಿದು ತಂದು ಸಾಕಬಹುದಾ? — ಓದುಗರು, ಮಂಗಳೂರು

ಉತ್ತರ: ಈ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ಭಾರತದ ನಾಟಿ ಸಿಕ್ಲಿಡ್ ಮೂರೇ. ಒಂದು ಕೇರಳದವರು ಬಾಳೆಎಲೆಯಲ್ಲಿ ಸುಟ್ಟು ತಿನ್ನುವ ಕರಿಮೀನ್, ಅದು ಆ ರಾಜ್ಯದ ಅಧಿಕೃತ ಮೀನು ಕೂಡ. ಎರಡನೆಯದು ಆರೆಂಜ್ ಕ್ರೊಮೈಡ್. ಮೂರನೆಯದು ಎಟ್ರೊಪ್ಲಸ್ ಕೆನರೆನ್ಸಿಸ್, ಹೆಸರಲ್ಲೇ ಕೆನರಾ ಇದೆ. 1877ರಲ್ಲಿ ಫ್ರಾನ್ಸಿಸ್ ಡೇ ಅದನ್ನು ಗುರುತಿಸಿ ಬರೆದರು. ನಿಮ್ಮ ಕಡೆಯ ಹೊಳೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಮೀನು. ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲೂ ಇದೆ. ಹಾಗಾಗಿ ಹೊಳೆಯಿಂದ ಹಿಡಿಯಲೇಬೇಡಿ, ಹಿಡಿದು ತಂದು ಮಾರುವವರ ಹತ್ತಿರ ಕೊಳ್ಳಲೂಬೇಡಿ.

ಸಾಕುವ ಆಸೆ ಇದ್ದರೆ ತೊಟ್ಟಿಯಲ್ಲೇ ಮರಿ ಮಾಡಿಸಿದ ಆರೆಂಜ್ ಕ್ರೊಮೈಡ್ ತನ್ನಿ. 8 ಸೆಂಟಿಮೀಟರ್ ಆಸುಪಾಸಿನ ಮೀನು, ಹಿನ್ನೀರಿನಲ್ಲೂ ಇರುತ್ತದೆ, ಸಿಹಿನೀರಿನಲ್ಲೂ ಇರುತ್ತದೆ. 3 ಅಡಿ ತೊಟ್ಟಿಯಲ್ಲಿ ಆರು ಮರಿ ಬಿಟ್ಟು ತಾವಾಗಿ ಜೋಡಿಯಾಗಲು ಬಿಡಿ. ಮಂಗಳೂರು ಹಂಚು ಒಂದನ್ನು ಓರೆಯಾಗಿ ನಿಲ್ಲಿಸಿ, ಅದರ ಅಡಿಯಲ್ಲಿ ಮೊಟ್ಟೆ ಅಂಟಿಸಬಹುದು. ಅಪ್ಪ ಅಮ್ಮ ಇಬ್ಬರೂ ಕಾವಲು ಕೂರುತ್ತವೆ, ರೆಕ್ಕೆಯಿಂದ ಬೀಸಿ ಬೀಸಿ ಮೊಟ್ಟೆಗೆ ಹೊಸ ನೀರು ಆಡಿಸುತ್ತವೆ. ಮರಿಗಳು ಈಜಲು ಶುರು ಮಾಡಿದ ಮೇಲೆ ಗಾಜಿನ ಹತ್ತಿರ ಹೋಗಿ ನೋಡಿ, ಅವು ತಂದೆತಾಯಿಯ ಮೈಗೆ ಬಂದು ಮುಟ್ಟಿ ಮುಟ್ಟಿ ಹೋಗುತ್ತಿರುತ್ತವೆ. ಮೈ ಮೇಲಿನ ಲೋಳೆಯನ್ನು ತಿನ್ನುವುದು ಅದು.

ಪ್ರಶ್ನೆ: ನಮ್ಮ ಎಲೆಕ್ಟ್ರಿಕ್ ಯೆಲ್ಲೋ ಒಂದು ವಾರದಿಂದ ಏನೂ ತಿನ್ನುತ್ತಿಲ್ಲ. ಗಂಟಲು ಊದಿದ ಹಾಗಿದೆ, ಮೂಲೆಯಲ್ಲಿ ಇರುತ್ತದೆ. ಔಷಧಿ ಹಾಕಲಾ? — ಓದುಗರು, ಶಿವಮೊಗ್ಗ

ಉತ್ತರ: ಔಷಧಿ ಬೇಡ, ಅವಳ ಬಾಯಲ್ಲಿ ಮೊಟ್ಟೆಗಳಿವೆ. ಈ ಮೀನಿನಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಪಕ್ಕದಿಂದ ನೋಡಿ, ದವಡೆಯ ಕೆಳಗಿನ ಚರ್ಮ ಚೀಲದ ಹಾಗೆ ಜೋತಿರುತ್ತದೆ, ಏನೋ ಅಗಿಯುತ್ತಿರುವಂತೆ ಆಗಾಗ ಬಾಯಿ ಆಡಿಸುತ್ತದೆ. ಒಳಗೆ ಮೊಟ್ಟೆ ಹೊರಳಿಸುವುದು ಹಾಗೆ. ಸುಮಾರು ಮೂರು ವಾರ ಹೀಗೇ ಇರುತ್ತದೆ, ಊಟ ಇಲ್ಲ ಅಂದರೂ ಆದೀತು. ಬಲೆ ಹಾಕಿ ಬೆನ್ನಟ್ಟಬೇಡಿ, ಗಾಬರಿಯಾದರೆ ಮೊಟ್ಟೆ ಉಗುಳಿಬಿಡುತ್ತದೆ. ಗಂಡು ತೀರಾ ಕಾಡುತ್ತಿದ್ದರೆ ಎರಡು ವಾರ ಕಳೆದ ಮೇಲೆ, ರಾತ್ರಿ ದೀಪ ಆರಿಸಿ, ಮಗ್ಗಿನಲ್ಲಿ ನೀರು ಸಮೇತ ನಿಧಾನವಾಗಿ ಎತ್ತಿ ಬೇರೆ ಸಣ್ಣ ತೊಟ್ಟಿಗೆ ಬಿಡಿ. ತೊಟ್ಟಿಯ ಹಳೆಯ ನೀರನ್ನೇ ತುಂಬಿಸಿ, ಒಂದು ಸ್ಪಾಂಜ್ ಫಿಲ್ಟರ್, ಅಡಗಲು ಒಂದು ಒಡಕು ಮಡಕೆ.

ತಾಯಿ ಬಾಯಿಂದ ಹೊರಗೆ ಬಿಟ್ಟ ಮರಿಗಳು ಆಗಲೇ ಒಂದು ಸೆಂಟಿಮೀಟರ್ ಸಮೀಪ ಇರುತ್ತವೆ, ಕಾಳನ್ನು ಬೆರಳಲ್ಲಿ ಪುಡಿ ಮಾಡಿ ಹಾಕಿದರೆ ಅದೇ ದಿನ ತಿನ್ನುತ್ತವೆ. ತಾಯಿಯನ್ನು ಮಾತ್ರ ಕೂಡಲೇ ದೊಡ್ಡ ತೊಟ್ಟಿಗೆ ಬಿಡಬೇಡಿ. ನಾಲ್ಕೈದು ದಿನ ಒಂಟಿಯಾಗಿ ಇಟ್ಟು ಚೆನ್ನಾಗಿ ಊಟ ಹಾಕಿ, ಹೊಟ್ಟೆ ತುಂಬಿಕೊಂಡ ಮೇಲೆ ವಾಪಸ್ ಕಳಿಸಿ.